ಗೋವಿನಜೋಳದ ಐದು ಸಾವಿರ ಯಾರದು?

ಪ್ರಕರಣ ಇಷ್ಟು. ಬೈಲಹೊಂಗಲ ತಾಲೂಕಿನ ಒಂದು ಊರು. ಅಲ್ಲೊಬ್ಬನಿಗೆ ನಾಲ್ಕು ಎಕರೆ ಎರಿ ಹೊಲ. ಉತಾರ, ಅಂದರೆ ಪಹಣಿ, ಅವನ ಹೆಸರಿನಲ್ಲಿದೆ, ಆದರೆ ಒಕ್ಕಲುತನ ಅವನದಲ್ಲ. ಲಗ್ನಕ್ಕಿಂತ ಮೊದಲೇ ಊರು ಬಿಟ್ಟು ಪುಣೆಯ ಕಡೆ ಲೇಥ್ ಮಷಿನ್ ಮೇಲೆ ದುಡಿಯಲು ಹೋದವನು. ಹೊಲವನ್ನು ತನ್ನದೇ ಓಣಿಯ ಹಿರಿಯನೊಬ್ಬನಿಗೆ ಲಾವಣಿಗೆ ಕೊಟ್ಟಿದ್ದಾನೆ. ಎಕರೆಗೆ ವರ್ಷಕ್ಕೆ ಎಂಟು ಸಾವಿರ ಎಂದು ಹಿಡಿಯಿರಿ. ಯುಗಾದಿ ಪಾಡ್ಯಕ್ಕೆ ಮುಂಗಡ ರೊಕ್ಕ ಕೈಯಿಂದ ಕೈಗೆ. ಕಾಗದವಿಲ್ಲ, ಸಹಿಯಿಲ್ಲ, ನಾಲ್ಕು ಮಂದಿಯ ಎದುರಿಗೆ ಆಡಿದ ಮಾತೇ ಕರಾರು.

2019ರ ಮುಂಗಾರಿಯಲ್ಲಿ ಆ ಹಿರಿಯ ನಾಲ್ಕೂ ಎಕರೆಗೆ ಗೋವಿನಜೋಳ ಬಿತ್ತಿದ. ಬೀಜ, ಗೊಬ್ಬರ, ಎಣ್ಣೆ ಹೊಡೆಯುವುದು, ಕಳೆ ತೆಗೆಸುವುದು, ಮುರಿಸುವುದು, ರಾಶಿ, ಎಲ್ಲ ಖರ್ಚೂ ಅವನದೇ. ಮರುವರ್ಷ ಕೊರೊನಾ ಬಂತು, ದರ ಬಿತ್ತು, ಸರಕಾರ ಗೋವಿನಜೋಳ ಬೆಳೆದವರಿಗೆ ತಲಾ 5,000 ರೂಪಾಯಿ ಪರಿಹಾರ ಕೊಟ್ಟಿತು. ಆ ಐದು ಸಾವಿರ ಜಮಾ ಆದ ಮೆಸೇಜು ಬಂದದ್ದು ಹೊಲದ ಮಾಲೀಕನ ಮೊಬೈಲಿಗೆ. ಅವನೂ ಆಗ ಕಾರಖಾನೆ ಬಂದ್ ಆಗಿ ಊರಿಗೆ ಮರಳಿ, ಶಾಲೆಯ ಕೋಣೆಯಲ್ಲಿ ಕ್ವಾರಂಟೈನ್ ಮುಗಿಸಿ, ಕೆಲಸವಿಲ್ಲದೆ ಮನೆಯಲ್ಲಿ ಕುಳಿತಿದ್ದ.

ಇದು ಯಾವುದೋ ಒಬ್ಬರ ಮನೆಯ ಕಥೆಯಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕುಗಳಲ್ಲಿ ಹೊಲ ಕೈ ಬದಲಾಗುವ ರೀತಿಯನ್ನು ಮುಂದಿಟ್ಟುಕೊಂಡು, ಹಲವರ ಪಾಡನ್ನು ಒಂದುಗೂಡಿಸಿ ನಾನು ಕಟ್ಟಿಕೊಂಡ ಪ್ರಕರಣ. ಮನುಷ್ಯರಿಗೆ ಹೆಸರು ಕೊಡದಿರುವುದು ಅದಕ್ಕೇ. ಆದರೆ ಕೆಳಗೆ ಬರುವ ಆದೇಶಗಳು, ಮೊತ್ತಗಳು, ಕಾನೂನುಗಳು ಕಟ್ಟಿದ್ದಲ್ಲ. ಅವು ನಡೆದದ್ದು.

ಆ ರೊಕ್ಕ ಏಕೆ ಬಂತು ಎಂಬುದನ್ನು ಮೊದಲು ನೋಡಬೇಕು. ಏಕೆ ಬಂತು ಎಂದು ಗೊತ್ತಾಗದೆ ಯಾರದು ಎಂದು ತೀರ್ಮಾನಿಸಲು ಬರುವುದಿಲ್ಲ.

2019-20ರಲ್ಲಿ ಗೋವಿನಜೋಳಕ್ಕೆ ಕೇಂದ್ರ ಸರಕಾರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 1,760 ರೂಪಾಯಿ. ಆ ಚಳಿಗಾಲದಲ್ಲಿ ಪೇಟೆಯ ದರ ಅದಕ್ಕೂ ಮೇಲೆಯೇ ಇತ್ತು. ಇನ್ನೂ ಏರೀತು ಎಂದು ಕೆಲವರು ಅರ್ಧ ಮಾಲು ಮಾರಿ ಅರ್ಧ ಇಟ್ಟುಕೊಂಡರು. ನಮ್ಮ ಹಿರಿಯನೂ ಹಾಗೇ ಮಾಡಿದ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸುಳ್ಳು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಅದೇ ಮಾರ್ಚಿನಲ್ಲಿ ದಾವಣಗೆರೆ, ಮೈಸೂರು ಕಡೆ ಹಕ್ಕಿಜ್ವರವೂ ಕಾಣಿಸಿತು. ಕೋಳಿ ಕೇಳುವವರಿಲ್ಲವಾಯಿತು, ಫಾರಂಗಳು ಬರಿದಾದವು. ನಮ್ಮ ಗೋವಿನಜೋಳದ ದೊಡ್ಡ ಪಾಲು ಹೋಗುವುದೇ ಕೋಳಿ ಆಹಾರಕ್ಕೆ. ಫಾರಂ ಬಿದ್ದ ಕೂಡಲೇ ದರವೂ ಬಿತ್ತು. ಮಾರ್ಚ್ 25ರಂದು ದೇಶಕ್ಕೆ ದೇಶವೇ ಲಾಕ್‌ಡೌನ್ ಆಯಿತು. ಆ ದಿನವೇ ಯುಗಾದಿ. ಹೊಲದ ಹೊಸ ವರ್ಷದ ಲಾವಣಿ ಲೆಕ್ಕ ಆಗುವ ದಿನ ಲಾರಿ ಓಡಲಿಲ್ಲ, ಹಮಾಲರು ಬರಲಿಲ್ಲ. ಕೃಷಿಗೆ ವಿನಾಯಿತಿ ಇದೆ ಎಂದು ಆಮೇಲೆ ಸರಕಾರ ಹೇಳಿತಾದರೂ ಮಾಲು ಕೊಳ್ಳುವವನೇ ಇಲ್ಲದಾಗ ವಿನಾಯಿತಿಯನ್ನು ಕಟ್ಟಿಕೊಂಡು ಏನು ಮಾಡುವುದು? ಏಪ್ರಿಲ್, ಮೇ ಹೊತ್ತಿಗೆ ದರ 1,300ರ ಆಸುಪಾಸಿಗೆ, ಕೆಲವು ಕಡೆ ಅದಕ್ಕಿಂತ ಕೆಳಕ್ಕೆ ಇಳಿದಿತ್ತು.

ಹಿರಿಯ ಇಟ್ಟುಕೊಂಡದ್ದು 40 ಕ್ವಿಂಟಲ್ ಎನ್ನಿ. ಬೆಂಬಲ ಬೆಲೆಗೆ ಹೋಲಿಸಿದರೆ ಕ್ವಿಂಟಲಿಗೆ 460 ರೂಪಾಯಿ ಲುಕ್ಸಾನು, ಒಟ್ಟು 18,400. ಪರಿಹಾರದ ಐದು ಸಾವಿರ ಅದರ ಕಾಲುಭಾಗಕ್ಕಿಂತ ತುಸು ಹೆಚ್ಚು.

ಯಡಿಯೂರಪ್ಪನವರ ಸರಕಾರ ಆ ಮೇ ತಿಂಗಳಲ್ಲಿ ಕಂತುಕಂತಾಗಿ ಪರಿಹಾರ ಪ್ರಕಟಿಸಿತು. ಮೇ 6ರಂದು 1,610 ಕೋಟಿ ರೂಪಾಯಿಯ ಪ್ಯಾಕೇಜು. ಹೂವು ಬೆಳೆದವರಿಗೆ ಹೆಕ್ಟೇರಿಗೆ 25,000, ಒಂದು ಹೆಕ್ಟೇರಿನ ಮಿತಿಯಲ್ಲಿ. ಮಡಿವಾಳರಿಗೆ, ಕ್ಷೌರಿಕರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000. ಕೈಮಗ್ಗದ ನೇಕಾರರಿಗೆ 2,000. ವಾರ ಕಳೆದ ಮೇಲೆ ಹಣ್ಣು, ತರಕಾರಿ ಬೆಳೆದವರಿಗೆ ಹೆಕ್ಟೇರಿಗೆ 15,000, ವಿದ್ಯುತ್ ಮಗ್ಗದ ಕೆಲಸಗಾರರಿಗೆ 2,000. ಅದರ ಬೆನ್ನಿಗೇ ಗೋವಿನಜೋಳದ ಘೋಷಣೆ: ಹತ್ತು ಲಕ್ಷ ರೈತರಿಗೆ ತಲಾ 5,000, ಒಟ್ಟು 500 ಕೋಟಿ. ಇಲ್ಲಿ ಹೆಕ್ಟೇರಿನ ಲೆಕ್ಕವಿಲ್ಲ. ಒಂದು ಎಕರೆ ಬೆಳೆದವನಿಗೂ ಇಪ್ಪತ್ತು ಎಕರೆ ಬೆಳೆದವನಿಗೂ ಅಷ್ಟೇ. ಸಣ್ಣ ರೈತನ ಕಡೆಯಿಂದ ನೋಡಿದರೆ ಇದು ಒಳ್ಳೆಯ ನಿಯಮ ಎಂದೇ ನನಗನಿಸುತ್ತದೆ. ಹಂಚುವಾಗ ಹೊಲದ ಅಳತೆಯನ್ನು ಬಿಟ್ಟು ಮನುಷ್ಯನನ್ನು ಎಣಿಸಿದರು. ಆದರೆ ಯಾವ ಮನುಷ್ಯನನ್ನು ಎಣಿಸಬೇಕು ಎಂಬಲ್ಲಿ ಎಡವಿದರು.

ಎಣಿಕೆ ನಡೆದದ್ದು 2019-20ರ ಬೆಳೆ ಸಮೀಕ್ಷೆಯ ಮೇಲೆ. ಊರಿನ ಹುಡುಗರು ಮೊಬೈಲ್ ಆ್ಯಪ್ ಹಿಡಿದು ಹೊಲಹೊಲಕ್ಕೆ ಹೋಗಿ, ಸರ್ವೆ ನಂಬರು ಮತ್ತು ಹಿಸ್ಸಾ ಪ್ರಕಾರ ಯಾವ ಬೆಳೆ ಇದೆ ಎಂದು ದಾಖಲಿಸಿ ಫೋಟೊ ತೆಗೆಯಬೇಕಿತ್ತು. ಹೊಲಕ್ಕೆ ಕಾಲಿಡದೆ ಗಿಡದ ನೆರಳಲ್ಲಿ ಕುಂತು ತುಂಬಿದರು ಎಂಬ ದೂರು ರಾಜ್ಯದ ಎಲ್ಲ ಕಡೆಯಿಂದ ಬಂತು. ಆಮೇಲೆ 2020ರ ಆಗಸ್ಟಿನಲ್ಲಿ ರೈತರೇ ತಮ್ಮ ಬೆಳೆಯನ್ನು ದಾಖಲಿಸುವ ಆ್ಯಪ್ ಬಂತು, ‘ನನ್ನ ಬೆಳೆ ನನ್ನ ಹಕ್ಕು’ ಎಂಬ ಘೋಷವಾಕ್ಯದೊಂದಿಗೆ. ಆದರೆ ಸಮೀಕ್ಷೆ ಕೂದಲೆಳೆಯಷ್ಟೂ ತಪ್ಪಿಲ್ಲದೆ ನಡೆದಿತ್ತು ಎಂದೇ ಇಟ್ಟುಕೊಳ್ಳೋಣ. ಆಗಲೂ ನಮ್ಮ ಪ್ರಕರಣದ ಹಿರಿಯನ ಹೆಸರು ಅದರಲ್ಲಿ ಬರುತ್ತಿರಲಿಲ್ಲ. ಸಮೀಕ್ಷೆ ಕೇಳುವುದು ‘ಈ ಸರ್ವೆ ನಂಬರಿನಲ್ಲಿ ಏನು ಬೆಳೆದಿದೆ’ ಎಂದು. ‘ಯಾರು ಬೆಳೆದರು’ ಎಂಬುದಕ್ಕೆ ಉತ್ತರ ಉತಾರದಿಂದ ಬರುತ್ತದೆ, ಉತಾರದಲ್ಲಿರುವುದು ಮಾಲೀಕ. ಅಲ್ಲಿಂದ ಆಧಾರ್, ಆಧಾರಿನಿಂದ ಬ್ಯಾಂಕ್ ಖಾತೆ. ‘ಫ್ರೂಟ್ಸ್’ ಎಂದು ಕರೆಯುವ ರೈತರ ನೋಂದಣಿ ವ್ಯವಸ್ಥೆಯೂ ಉತಾರವನ್ನೇ ಆಧರಿಸಿ ಕಟ್ಟಿದ್ದು. ಸುತ್ತೆಲ್ಲ ಸುತ್ತಿ ನೋಡಿದರೂ ಲಾವಣಿದಾರನಿಗೆ ಒಳಗೆ ಬರಲು ಬಾಗಿಲಿಲ್ಲ.

ಬಾಗಿಲು ಮುಚ್ಚಿದ್ದು ಕೊರೊನಾ ಕಾಲದಲ್ಲೂ ಅಲ್ಲ, ಕಂಪ್ಯೂಟರ್ ಬಂದ ಮೇಲೂ ಅಲ್ಲ. ಕರ್ನಾಟಕದ ಭೂ ಸುಧಾರಣಾ ಕಾಯ್ದೆ 1961ರದು. ದೇವರಾಜ ಅರಸರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿದಾರರಿಗೆ ಅವರು ಉಳುತ್ತಿದ್ದ ನೆಲ ಸಿಕ್ಕಿತು, ಮುಂದಕ್ಕೆ ಗೇಣಿಗೆ ಕೊಡುವುದನ್ನೇ ಕಾನೂನು ನಿಷೇಧಿಸಿತು. ಸೈನಿಕರಿಗೆ, ನಾವಿಕರಿಗೆ ಮಾತ್ರ ವಿನಾಯಿತಿ. ಆ ಕಾನೂನಿನ ಬಗ್ಗೆ ನನಗೆ ಗೌರವ ಇದೆ. ಎಷ್ಟೋ ಮನೆಗಳು ತಲೆ ಎತ್ತಿ ನಿಂತದ್ದು ಅದರಿಂದ. ಆದರೆ ಕಾನೂನು ಬೇಡ ಎಂದ ಮಾತ್ರಕ್ಕೆ ಲಾವಣಿ ನಿಲ್ಲಲಿಲ್ಲ. ಮಕ್ಕಳು ಪುಣೆಗೆ, ಗೋವಾಕ್ಕೆ, ಬೆಂಗಳೂರಿಗೆ ಹೋದರು, ನೆಲ ಊರಲ್ಲೇ ಉಳಿಯಿತು, ಯಾರಾದರೂ ಮಾಡಲೇಬೇಕಲ್ಲ. ಹಿಂದೆ ಕಾಗದದ ಮೇಲಿದ್ದದ್ದು ಬಾಯಿಮಾತಿಗೆ ಇಳಿಯಿತು ಅಷ್ಟೇ. ಹೊಲ ಮಾಡುವವನು ‘ಇದನ್ನು ನಾನು ಮಾಡುತ್ತೇನೆ’ ಎಂದು ಬರೆದುಕೊಟ್ಟರೆ ಮಾಲೀಕ ಹೆದರುತ್ತಾನೆ, ನೆಲ ಎಲ್ಲಿ ಕೈತಪ್ಪೀತೋ ಎಂದು. ಹೀಗೆ ಗೇಣಿದಾರನನ್ನು ಕಾಯಲು ಬಂದ ಕಾನೂನಿನ ಅಡಿಯಲ್ಲೇ ಅವನ ಮೊಮ್ಮಗನ ಕಾಲದ ಗೇಣಿದಾರ ಯಾವ ದಾಖಲೆಯಲ್ಲೂ ಕಾಣದವನಾದ.

ಪರಿಹಾರ ಒಂದೇ ಅಲ್ಲ. ಸೊಸೈಟಿಯಲ್ಲಿ ಆಗ ಮೂರು ಲಕ್ಷದವರೆಗೆ ಬಡ್ಡಿ ಇಲ್ಲದ ಬೆಳೆಸಾಲ ಸಿಗುತ್ತಿದ್ದದ್ದೂ ಉತಾರ ಇದ್ದವನಿಗೆ. ಹೊಲ ಮಾಡುವವನು ಗೊಬ್ಬರದ ಅಂಗಡಿಯಲ್ಲಿ ಉದ್ರಿ ಹೇಳಿ, ದಲಾಲಿ ಅಂಗಡಿಯಲ್ಲಿ ಮುಂಗಡ ಎತ್ತಿ, ಅದೇ ಅಂಗಡಿಗೆ ಮಾಲು ಹಾಕುತ್ತಾನೆ. ಕೇಂದ್ರದ ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿಯೂ 2019ರ ಫೆಬ್ರುವರಿ 1ಕ್ಕೆ ನೆಲ ಯಾರ ಹೆಸರಲ್ಲಿತ್ತೋ ಅವರಿಗೆ. ರಾಜ್ಯ ಆಗ ಅದಕ್ಕೆ ಸೇರಿಸುತ್ತಿದ್ದ 4,000ವೂ ಅವರಿಗೇ. ಲಾಕ್‌ಡೌನ್ ಘೋಷಣೆಯಾದ ಮೇಲೆ ಏಪ್ರಿಲ್‌ನಲ್ಲಿ ಮುಂಚಿತವಾಗಿ ಹಾಕಿದ 2,000ದ ಕಂತೂ ಅದೇ ದಾರಿ ಹಿಡಿಯಿತು. ಆದರೆ ಇವುಗಳ ಬಗ್ಗೆ ನಾನು ಇಲ್ಲಿ ತಕರಾರು ತೆಗೆಯುವುದಿಲ್ಲ. ಅವು ನೆಲ ಉಳ್ಳ ಕುಟುಂಬಕ್ಕೆಂದೇ ಹೇಳಿ ಕೊಟ್ಟ ನೆರವು. ಗೋವಿನಜೋಳದ ಐದು ಸಾವಿರ ಹಾಗಲ್ಲ. ಅದು ಬೆಳೆದವನಿಗೆಂದು, ದರ ಬಿದ್ದು ಹಾನಿಯಾಯಿತೆಂದು, ಕಾರಣ ಹೇಳಿ ಕೊಟ್ಟ ರೊಕ್ಕ.

ಈಗ ಆ ಓಣಿಗೆ ಬರೋಣ. ಮಳೆಗಾಲದ ಒಂದು ಸಂಜೆ. ಹಿರಿಯ ಮಾಲೀಕನ ಮನೆಯ ಕಟ್ಟೆಗೆ ಬಂದು ಕೂತಿದ್ದಾನೆ. ಬಾಯಿಗೆ ಟವೆಲ್ ಸುತ್ತಿಕೊಂಡಿದ್ದಾನೆ, ಮಾಸ್ಕ್ ಬದಲು. ಒಳಗಿನಿಂದ ಚಹಾ ಬಂತು.

‘ಮಳಿ ಛಲೋ ಆತಲ್ಲ ಕಾಕಾ ಈ ಸಲ.’

‘ಹೂಂ ತಮ್ಮಾ, ಹೆಸರ ಬಂಗಾರ ಆಗೇತಿ. ರಾಶಿ ಮುಂದ ಮಳಿ ಹಿಡೀದಿದ್ರ ಸಾಕು.’

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯ, ಕಪ್ಪನ್ನು ಕೆಳಗಿಡುತ್ತ, ಓಣಿಯ ಕಡೆ ನೋಡುತ್ತ ಹೇಳುತ್ತಾನೆ: ‘ಗ್ವಾಂಜ್ವಾಳದ ರೊಕ್ಕ ಎಲ್ಲಾರಿಗೂ ಬಂದಾವಂತಪ.’

‘ಹೂಂ ಕಾಕಾ, ಬಂದಾವ.’

‘ಛಲೋ ಆತ ಬಿಡು.’

ಹಿರಿಯ ಎದ್ದು ಹೋಗುತ್ತಾನೆ. ಇಷ್ಟೇ ನಡೆದದ್ದು. ಬೈಗುಳವಿಲ್ಲ, ಜಗಳವಿಲ್ಲ, ಮೋಸ ಎಂದು ಯಾರೂ ಬಾಯಿ ಬಿಟ್ಟು ಅನ್ನಲಿಲ್ಲ. ಆದರೂ ಅನ್ಯಾಯ ನಡೆದುಹೋಯಿತು. ಕಾಕಾ ‘ನನಗ ಕೊಡು’ ಎನ್ನಲಾರ. ಕೇಳಿದರೆ ಮುಂದಿನ ಪಾಡ್ಯಕ್ಕೆ ‘ಈ ಸಲ ಹೊಲ ಬ್ಯಾರೇದವರಿಗೆ ಕೊಡ್ತೇವಿ ಕಾಕಾ’ ಎಂಬ ಮಾತು ಬಂದೀತು. ಎಂಟು ಸಾವಿರದ ಲಾವಣಿಗೆ ಒಂಬತ್ತು ಸಾವಿರ ಕೊಡುತ್ತೇನೆ ಎನ್ನುವವರು ಆ ಓಣಿಯಲ್ಲೇ ಇದ್ದಾರೆ. ಐದು ಸಾವಿರಕ್ಕೆ ಬಾಯಿ ತೆರೆದು ನಾಲ್ಕು ಎಕರೆ ಕಳೆದುಕೊಳ್ಳುವುದೇ? ಹಾಗಾಗಿ ಕೇಳುವ ಕೆಲಸವನ್ನು ಅವನ ಮೇಲೆ ಹೊರಿಸುವುದೇ ತಪ್ಪು. ಬಡವನಾದವನು ಕೇಳದೆ ಬಿಟ್ಟದ್ದನ್ನು ಒಪ್ಪಿಗೆ ಎಂದು ತಿಳಿಯಬಾರದು. ಹೇಳಬೇಕಾದವನು ಮಾಲೀಕ, ಅದೂ ತಾನಾಗಿ.

ಮಾಲೀಕನ ಮಾತನ್ನೂ ಪೂರ್ತಿ ಕೇಳಬೇಕು. ಅವನು ಸಾಹುಕಾರನಲ್ಲ, ಕೆಟ್ಟವನೂ ಅಲ್ಲ. ಅವನ ಮೊದಲ ಮಾತು, ‘ಸರಕಾರ ನನ್ನ ಖಾತೆಗೆ ಹಾಕೈತಿ, ನನಗ ಅಂತನ ಹಾಕೈತಿ.’ ಪಕ್ಕದ ಮನೆಯವರ ಟಪಾಲು ವಿಳಾಸ ತಪ್ಪಿ ನಮ್ಮ ಮನೆಗೆ ಬಂದರೆ ಅದು ನಮ್ಮದಾಗುವುದಿಲ್ಲ, ಪಕ್ಕದ ಮನೆಗೆ ಮುಟ್ಟಿಸುತ್ತೇವೆ. ಖಾತೆ ನಂಬರು ಒಂದು ವಿಳಾಸ. ಸರಕಾರಕ್ಕೆ ಕಾಕಾನ ವಿಳಾಸ ಗೊತ್ತಿರಲಿಲ್ಲ. ಮಾಲೀಕನಿಗೆ ಚೆನ್ನಾಗಿ ಗೊತ್ತು.

ಎರಡನೆಯದು, ‘ನಾ ಅರ್ಜಿ ಹಾಕಿಲ್ಲ, ಸುಳ್ಳು ಹೇಳಿಲ್ಲ, ತಾನಾಗಿ ಬಂದೈತಿ.’ ನಿಜ, ಅವನು ಕದ್ದಿಲ್ಲ. ಶರಣ ಆಯ್ದಕ್ಕಿ ಮಾರಯ್ಯನೂ ಕದ್ದವನಲ್ಲ. ನೆಲದ ಮೇಲೆ ಬಿದ್ದ ಅಕ್ಕಿ ಆಯುವುದೇ ಅವನ ಕಾಯಕ. ಒಂದು ದಿನ ದಿನದ ಪಾಡಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಒಳಗೆ ಸೇರಿಸಲಿಲ್ಲ, ಮರಳಿ ಅಲ್ಲೇ ಸುರಿದು ಬಾ ಎಂದಳು. ಕಳವಾದದ್ದನ್ನು ಹಿಂದಿರುಗಿಸು ಎಂದು ಯಾರು ಬೇಕಾದರೂ ಹೇಳುತ್ತಾರೆ. ಕಳವಲ್ಲದ್ದನ್ನೂ ‘ಇದು ನಮ್ಮ ದುಡಿಮೆಯ ಲೆಕ್ಕಕ್ಕೆ ಕೂಡುವುದಿಲ್ಲ’ ಎಂದು ಗುರುತಿಸಲು ಲಕ್ಕಮ್ಮನಂಥವಳು ಬೇಕು. ಮಾಲೀಕ ಅಲ್ಲಿಯವರೆಗೂ ಹೋಗಬೇಕಾಗಿಲ್ಲ. ಲಕ್ಕಮ್ಮನ ಅಕ್ಕಿಗೆ ಎದುರಿಗೆ ಒಬ್ಬ ಹಕ್ಕುದಾರ ಬಂದು ಕೂತಿರಲಿಲ್ಲ, ಇಲ್ಲಿ ಕಟ್ಟೆಯ ಮೇಲೇ ಕೂತಿದ್ದಾನೆ.

ಮೂರನೆಯ ಮಾತು ಗಟ್ಟಿಯಾದದ್ದು. ‘ನನ್ನ ಕೆಲಸಾನೂ ಹೋತಲ್ಲ. ಎರಡು ತಿಂಗಳ ಪಗಾರ ಇಲ್ಲ. ನನಗ ಯಾರ ಕೊಟ್ರು?’ ಯಾರೂ ಕೊಡಲಿಲ್ಲ. ಆ ಪ್ಯಾಕೇಜುಗಳಲ್ಲಿ ಚಾಲಕನಿಗೆ, ಕ್ಷೌರಿಕನಿಗೆ, ಮಗ್ಗದವನಿಗೆ ಒಂದೊಂದು ಸಾಲು ಇತ್ತು. ಬೇರೆ ರಾಜ್ಯದ ಕಾರಖಾನೆಯಿಂದ ಬರಿಗೈಯಲ್ಲಿ ಊರಿಗೆ ಮರಳಿದ ಲೇಥ್ ಕೆಲಸದವನಿಗೆ ಸಾಲು ಇರಲಿಲ್ಲ. ಅದು ಅವನಿಗಾದ ಅನ್ಯಾಯ, ಅದನ್ನು ಸಣ್ಣದು ಎಂದು ನಾನು ಹೇಳಲಾರೆ. ಆದರೆ ಆ ಬಾಕಿ ಇರುವುದು ಸರಕಾರದ ಮೇಲೆ, ಕಾರಖಾನೆಯ ಮೇಲೆ. ಕಾಕಾನ ಮೇಲೆ ಅಲ್ಲ. ಮತ್ತೊಂದು ವಿಷಯ ಮರೆಯಬಾರದು: ಆ ವರ್ಷದ ಗೋವಿನಜೋಳದ ದರ ಬಿದ್ದಾಗ ಮಾಲೀಕನಿಗೆ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಅವನ 32,000 ಲಾವಣಿ ದರ ಬೀಳುವ ವರ್ಷ ಮೊದಲೇ ಕೈಸೇರಿತ್ತು. ಬೆಳೆಯ ಲಾಭ ನಷ್ಟ ಎರಡನ್ನೂ ಇನ್ನೊಬ್ಬನ ಹೆಗಲಿಗೆ ದಾಟಿಸುವುದೇ ಮುಂಗಡ ಲಾವಣಿಯ ಕರಾರು. ನಷ್ಟ ದಾಟಿದ ಮೇಲೆ ನಷ್ಟದ ಪರಿಹಾರ ಮಾತ್ರ ಇತ್ತ ಉಳಿಯುವುದು ಯಾವ ಲೆಕ್ಕ?

ಕೊನೆಗೆ ಅವನು ಹೀಗೂ ಅಂದಾನು: ‘ಮುಂದಿನ ವರ್ಷ ಲಾವಣಿಯೊಳಗ ಎರಡ ಸಾವಿರ ಬಿಟ್ಟರಾತು.’ ಇದು ಒಳ್ಳೆಯ ಮನಸ್ಸಿನಿಂದ ಬಂದ ಮಾತೇ. ಆದರೂ ಇದರಲ್ಲಿ ಒಂದು ಊನ ಇದೆ. ಹಕ್ಕಿನ ರೊಕ್ಕ ರಿಯಾಯತಿಯ ರೂಪದಲ್ಲಿ ಮರಳಿದಾಗ ಕಾಕಾ ಮಾಲೀಕನ ಉಪಕಾರಕ್ಕೆ ಒಳಗಾಗುತ್ತಾನೆ. ತನ್ನದನ್ನೇ ಪಡೆದು ಋಣಿಯಾಗಬೇಕಾದ ಪಾಡು ಯಾರಿಗೂ ಬರಬಾರದು.

ಹಾಗಂತ ಎಲ್ಲ ಲಾವಣಿಗೂ ಒಂದೇ ತೀರ್ಪು ಸಲ್ಲುವುದಿಲ್ಲ. ಕೋರಿಗೆ, ಪಾಲಿಗೆ ಮಾಡುವ ಹೊಲಗಳೂ ಇವೆ. ಬೀಜ ಗೊಬ್ಬರಕ್ಕೆ ಇಬ್ಬರೂ ಹಾಕುತ್ತಾರೆ, ರಾಶಿಯಲ್ಲಿ ಇಬ್ಬರೂ ಪಾಲು ಒಯ್ಯುತ್ತಾರೆ. ಅಲ್ಲಿ ದರ ಬಿದ್ದರೆ ಇಬ್ಬರಿಗೂ ಪೆಟ್ಟು. ಅಲ್ಲಿ ಐದು ಸಾವಿರವನ್ನು ರಾಶಿ ಹಂಚಿಕೊಂಡ ಪ್ರಮಾಣದಲ್ಲೇ ಹಂಚಿಕೊಳ್ಳಬೇಕು, ಪಂಚರನ್ನು ಕರೆಯುವ ಅಗತ್ಯವೂ ಇಲ್ಲ. ಜಂಟಿ ಉತಾರದ ಗೋಳು ಇನ್ನೊಂದು: ನಾಲ್ವರು ಅಣ್ಣತಮ್ಮಂದಿರ ಹೆಸರು, ರೊಕ್ಕ ಒಬ್ಬನ ಖಾತೆಗೆ. ಸತ್ತ ಮಾವನ ಹೆಸರಿನಿಂದ ವಾರಸಾ ಆಗದೆ ಉಳಿದ ಹೊಲಗಳಲ್ಲಿ ಬಿತ್ತಿ ಬೆಳೆದ ಸೊಸೆಗೆ ಏನೂ ಬರಲೇ ಇಲ್ಲ. ಅವಳ ಪಾಲಿಗೆ ಕೊಡಬೇಕಾದ ಮಾಲೀಕನೂ ಇಲ್ಲ, ತಹಶೀಲ್ದಾರ ಕಚೇರಿಯ ಮೆಟ್ಟಿಲೊಂದೇ.

ಉಳಿದ ಮೂರು ತಾಲೂಕುಗಳಿಂದಲೂ ಇದನ್ನು ನೋಡಬೇಕು. ರಾಮದುರ್ಗಕ್ಕೆ ಕೊರೊನಾ ಬಂದದ್ದು ನೆರೆಯ ಬೆನ್ನಿಗೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿ ಸವದತ್ತಿ ತಾಲೂಕಿನ ಮುನವಳ್ಳಿಯಲ್ಲೂ ರಾಮದುರ್ಗದಲ್ಲೂ ಮನೆ, ಮಗ್ಗ, ಹೊಲ ನೀರಲ್ಲಿ ನಿಂತವು. ಹೊಳೆದಂಡೆಯ ಎಷ್ಟೋ ಹೊಲದಲ್ಲಿ ಆ ಮುಂಗಾರಿಯ ಬೆಳೆ ಕೈಗೇ ಬರಲಿಲ್ಲ. ಸವದತ್ತಿಯಲ್ಲಿ ಹೂವು ಬೆಳೆದವನ ಪಾಡು ಬೇರೆ. 2020ರ ಏಪ್ರಿಲ್ ಮೊದಲ ವಾರ ದಾಟುತ್ತಿದ್ದಂತೆ ದವನದ ಹುಣ್ಣಿಮೆ ಇತ್ತು. ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಮಹಾರಾಷ್ಟ್ರದಿಂದಲೂ ಜನ ಯಲ್ಲಮ್ಮನ ಗುಡ್ಡಕ್ಕೆ ಬರುವ ಕಾಲ. ಆ ವರ್ಷ ಗುಡ್ಡ ಬಂದ್. ಹೂವು ಮಾರಾಟವಾಗುವುದೇ ಗುಡಿ ತೆರೆದಿದ್ದರೆ, ಲಗ್ನ ನಡೆದರೆ. ಎರಡೂ ಇಲ್ಲದೆ ಹೂವು ಗಿಡದಲ್ಲೇ ಒಣಗಿತು. ಹೂವಿಗೆ ಹೆಕ್ಟೇರಿಗೆ 25,000 ಎಂದಾಗ ಮೊತ್ತ ದೊಡ್ಡದು, ಹಾಗಾಗಿ ಯಾರದು ಎಂಬ ಪ್ರಶ್ನೆಯೂ ದೊಡ್ಡದು. ಬಾವಿ ನೀರಿನ ಅರ್ಧ ಎಕರೆಯನ್ನು ಸೇವಂತಿಗೆಗೆಂದು ಲಾವಣಿ ಹಿಡಿದವನಿಗೂ ಕಾಕಾನಿಗೂ ದಾಖಲೆಯ ಮುಂದೆ ಭೇದವಿಲ್ಲ. ಕಿತ್ತೂರಿನ ಕಡೆ ಕಥೆ ಬೈಲಹೊಂಗಲದ್ದೇ. ಹೊಸ ತಾಲೂಕು ಆದರೂ ಹಳೆಯ ಉತಾರ.

ಕಾಗದ ಒಂದು ಹೇಳಿ ನೆಲ ಇನ್ನೊಂದು ಹೇಳುವ ಸಂಕಟ ಮಲಪ್ರಭೆಯ ದಂಡೆಗೆ ಹೊಸದಲ್ಲ. ನವಿಲುತೀರ್ಥದ ಅಣೆಕಟ್ಟು ಕಟ್ಟಿದ ಮೇಲೆ ನಿಮ್ಮ ಹೊಲ ನೀರಾವರಿಗೆ ಒಳಪಟ್ಟಿದೆ ಎಂದು ರೈತರ ಮೇಲೆ ಅಭಿವೃದ್ಧಿ ಕರ ಹೇರಿದರು. ಕಾಲುವೆಯ ತುದಿಯ ಹೊಲಗಳಿಗೆ ನೀರು ಮುಟ್ಟಿರಲಿಲ್ಲ, ಕರದ ನೋಟಿಸು ಮುಟ್ಟಿತ್ತು. ಆ ಸಿಟ್ಟು 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರಿನವರೆಗೆ ಹೋಯಿತು. ರೈತರು ಇಂದಿಗೂ ಆ ದಿನವನ್ನು ಹುತಾತ್ಮರ ದಿನವೆಂದು ಆಚರಿಸುತ್ತಾರೆ. ಅಂದು ವಸೂಲಿಗೆ ದಾಖಲೆ ನಂಬಿದರು, 2020ರಲ್ಲಿ ಹಂಚಲು ದಾಖಲೆ ನಂಬಿದರು. ವಸೂಲಿಯಲ್ಲಿ ತಪ್ಪಾದಾಗ ತಪ್ಪು ಅನುಭವಿಸಿದವರೆಲ್ಲ ಒಟ್ಟಿಗೆ ಬೀದಿಗೆ ಬಂದರು. ಹಂಚುವುದರಲ್ಲಿ ತಪ್ಪಾದಾಗ ಒಬ್ಬನಿಗೆ ಬಂತು, ಇನ್ನೊಬ್ಬನಿಗೆ ಬರಲಿಲ್ಲ, ಇಬ್ಬರೂ ಒಂದೇ ಓಣಿಯವರು. ಸರಕಾರದ ವಿರುದ್ಧ ಎದ್ದೇಳಬೇಕಾದ ಪ್ರಶ್ನೆ ನೆರೆಮನೆಯ ಕಟ್ಟೆಯ ಮೇಲೆ ಬಂದು ಕೂತಿತು. ಇದು ನನ್ನನ್ನು ಹೆಚ್ಚು ನೋಯಿಸುತ್ತದೆ.

ಬೇರೆ ದಾರಿ ಇರಲಿಲ್ಲವೇ? ಇತ್ತು. ಒಡಿಶಾ ತನ್ನ ಕಾಲಿಯಾ ಯೋಜನೆಯಲ್ಲಿ ಪಾಲಿಗೆ ಮಾಡುವವರನ್ನೂ ಭೂಮಿ ಇಲ್ಲದ ಕುಟುಂಬಗಳನ್ನೂ ಸೇರಿಸಿಕೊಂಡಿತ್ತು. ಆಂಧ್ರಪ್ರದೇಶ 2019ರಲ್ಲಿ ಮಾಡಿದ ಕಾನೂನಿನಲ್ಲಿ ಹನ್ನೊಂದು ತಿಂಗಳ ಅವಧಿಗೆ ಸಾಗುವಳಿದಾರನ ಹಕ್ಕಿನ ಕಾರ್ಡು ಕೊಡುವ ವ್ಯವಸ್ಥೆ ಇದೆ. ಬೆಳೆಯ ಮೇಲೆ ಹಕ್ಕು, ನೆಲದ ಮೇಲಲ್ಲ, ಆದ್ದರಿಂದ ಮಾಲೀಕ ಹೆದರಬೇಕಾಗಿಲ್ಲ ಎಂಬುದು ಅದರ ಎಣಿಕೆ. ಅಲ್ಲೂ ಮಾಲೀಕರು ಸಹಿ ಹಾಕಲು ಹಿಂದೆಮುಂದೆ ನೋಡುತ್ತಾರೆ. ನೀತಿ ಆಯೋಗ 2016ರಲ್ಲೇ ರಾಜ್ಯಗಳ ಮುಂದೆ ಗೇಣಿ ಕಾನೂನಿನ ಒಂದು ಮಾದರಿ ಇಟ್ಟಿತ್ತು. ಪಕ್ಕದ ತೆಲಂಗಾಣ ಮಾತ್ರ ರೈತಬಂಧುವಿನಲ್ಲಿ ಎಕರೆ ಲೆಕ್ಕದ ರೊಕ್ಕವನ್ನು ಪಟ್ಟಾದಾರನಿಗೇ ಕೊಟ್ಟು ಕೌಲುದಾರನನ್ನು ಹೊರಗಿಟ್ಟಿತು. ನಮ್ಮಲ್ಲಿ ಅದೇ 2020ರ ಜುಲೈಯಲ್ಲಿ, ಕೊರೊನಾ ಏರುತ್ತಿದ್ದಾಗ, ಭೂ ಸುಧಾರಣಾ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ಬಂತು. ರೈತರಲ್ಲದವರೂ ಹೊಲ ಕೊಳ್ಳಬಹುದು ಎಂದಾಯಿತು. ಗೇಣಿ ನಿಷೇಧದ ಕಲಮನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕೊಳ್ಳುವ ಶಕ್ತಿ ಇರುವವನಿಗೆ ಕಾನೂನು ತಿದ್ದುವ ತುರ್ತು ಕಂಡಿತು, ಮಾಡಿ ಉಣ್ಣುವವನ ಹೆಸರು ಬರೆಯುವ ತುರ್ತು ಕಾಣಲಿಲ್ಲ.

ಕಾನೂನು ತಿದ್ದದೆಯೂ ಒಂದು ಕೆಲಸ ಆಗುತ್ತಿತ್ತು. ಯಾವ ಹೊಲವನ್ನು ಯಾರು ಮಾಡುತ್ತಾರೆ ಎಂಬುದು ಪ್ರತಿ ಊರಿನಲ್ಲೂ ಬಹಿರಂಗ ಸಂಗತಿ. ಬದುವಿನ ಆಚೆ ಈಚೆ ಹೊಲ ಇರುವವರನ್ನು ಕೇಳಿದರೆ ಸಾಕು. ಬೆಳೆ ಹಾನಿಯಾದಾಗ, ಮನೆ ಬಿದ್ದಾಗ, ತಲಾಟಿ ಬಂದು ಪಂಚರನ್ನು ಕೂಡಿಸಿ ಪಂಚನಾಮೆ ಮಾಡುವ ರೂಢಿ ಇದ್ದೇ ಇದೆ. ಗೋವಿನಜೋಳಕ್ಕೂ ‘ಇದನ್ನು ಇಂಥವನು ಬೆಳೆದ’ ಎಂದು ನಾಲ್ವರು ಸಹಿ ಹಾಕುವ ಒಂದು ಹಾಳೆ ಸಾಕಿತ್ತು. ನೆಲದ ಹಕ್ಕಿಗೂ ಆ ಹಾಳೆಗೂ ಸಂಬಂಧವಿಲ್ಲ ಎಂದು ಆದೇಶದಲ್ಲೇ ಬರೆಯಬಹುದಿತ್ತು. ತಡವಾಗುತ್ತಿತ್ತು, ತಂಟೆ ಬರುತ್ತಿತ್ತು ಎನ್ನುವವರಿದ್ದಾರೆ. ಖಾತೆಗೆ ನೇರ ಹಾಕಿದ್ದರಿಂದ ನಡುವಿನವರ ಕೈಗೆ ರೊಕ್ಕ ಸಿಗಲಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಅದು ಸಣ್ಣ ಗೆಲುವಲ್ಲ. ಆದರೆ ಬೇಗ ಮುಟ್ಟಿಸಿದೆವು ಎನ್ನುವ ಮುಂಚೆ ಯಾರಿಗೆ ಮುಟ್ಟಿಸಿದೆವು ಎಂದು ಕೇಳಿಕೊಳ್ಳಬೇಕಿತ್ತು.

2021ರ ಮೇ 19ರಂದು ಎರಡನೇ ಅಲೆಯ ನಡುವೆ 1,250 ಕೋಟಿಯ ಇನ್ನೊಂದು ಪ್ಯಾಕೇಜು ಬಂತು. ಹೂವಿಗೂ ಹಣ್ಣು ತರಕಾರಿಗೂ ಹೆಕ್ಟೇರಿಗೆ 10,000. ದಾರಿ ಅದೇ. 2023ರ ಬರಗಾಲದಲ್ಲಿ ರಾಜ್ಯದ 223 ತಾಲೂಕುಗಳು ಬರಪೀಡಿತವಾದವು, ಮರುವರ್ಷದ ಆರಂಭದಲ್ಲಿ ಮೊದಲ ಕಂತಾಗಿ 2,000 ರೂಪಾಯಿವರೆಗೆ ಬಂತು, ಫ್ರೂಟ್ಸ್ ನೋಂದಣಿಯ ಮೇಲೆ. ಕೊರೊನಾ ಮುಗಿಯಿತು, ಕಟ್ಟೆಯ ಮೇಲಿನ ಆ ಪ್ರಶ್ನೆ ಪ್ರತಿ ಬರಕ್ಕೂ ಪ್ರತಿ ನೆರೆಗೂ ಹೊಸದಾಗಿ ಬರುತ್ತದೆ.

ಒಂದು ಕಠಿಣ ಪ್ರಕರಣ ಉಳಿದಿದೆ. ಮಾಲೀಕ ಪುಣೆಯ ದುಡಿಮೆಗಾರನಲ್ಲ, ಗಂಡ ತೀರಿಕೊಂಡ ಮುದುಕಿ ಎಂದುಕೊಳ್ಳಿ. ಎರಡು ಎಕರೆ. ಮಗ ಇಲ್ಲ, ಗಳೇ ಹೂಡಲು ಆಗುವುದಿಲ್ಲ, ಲಾವಣಿಯ ಹದಿನಾರು ಸಾವಿರ ಮತ್ತು ತಿಂಗಳ ಪಿಂಚಣಿ ಬಿಟ್ಟರೆ ಬೇರೆ ಆಧಾರವಿಲ್ಲ. ಹೊಲ ಮಾಡುವವನಿಗೆ ಎರಡು ಎತ್ತು, ದುಡಿಯುವ ಇಬ್ಬರು ಮಕ್ಕಳು. ಐದು ಸಾವಿರ ಮುದುಕಿಯ ಪಾಸ್‌ಬುಕ್ಕಿಗೆ ಬಂದಿದೆ. ಅವಳೂ ಕೊಡಬೇಕೇ?

ಕೊಡಬೇಕಾಗಿಲ್ಲ ಎಂದು ಹೇಳಲು ನಾಲಿಗೆ ತುದಿಗೆ ಬರುತ್ತದೆ. ಅವಳ ಅಗತ್ಯ ದೊಡ್ಡದು, ಇವನದು ಸಣ್ಣದು. ಆದರೆ ಅಗತ್ಯ ದೊಡ್ಡದು ಎಂಬುದು ರೊಕ್ಕದ ಒಡೆತನವನ್ನು ಬದಲಿಸುವುದಿಲ್ಲ. ಬೆಳೆದವನು ಇವನೇ, ನಷ್ಟವಾದದ್ದೂ ಇವನಿಗೇ. ‘ಇರಲಿ, ನೀ ಇಟ್ಟುಕೋ’ ಎನ್ನುವ ಅಧಿಕಾರ ಇರುವುದು ಇವನಿಗೆ ಮಾತ್ರ. ನಾವು ಮುದುಕಿಯ ಪರವಾಗಿ ಮೊದಲೇ ಮಾಫಿ ಮಾಡಿಬಿಟ್ಟರೆ ಆ ಅಧಿಕಾರವನ್ನು ಅವನಿಂದ ಕಸಿದಂತೆ. ಅವನು ಏನೂ ಕೊಡದೆ, ತನ್ನದು ಹೋಯಿತು ಎಂದು ಒಳಗೇ ಕುದಿಯುತ್ತ ಉಳಿಯುತ್ತಾನೆ. ಆದ್ದರಿಂದ ಮುದುಕಿಯೇ ಮೊದಲು ಹೇಳಬೇಕು, ಪಾಸ್‌ಬುಕ್ಕು ಮುಂದಿಟ್ಟು, ‘ಯಪ್ಪಾ, ನಿನ್ನ ಗ್ವಾಂಜ್ವಾಳದ ರೊಕ್ಕ ನನ್ನ ಹೆಸರಿಲೆ ಬಂದಾವ ನೋಡು’ ಎಂದು. ‘ಇರ್ಲಿ ಬಿಡಬೇ ಯವ್ವಾ, ಔಷಧಕ್ಕ ಇಟ್ಕೋ’ ಎಂದು ಅವನು ಅಂದರೆ ಆ ಐದು ಸಾವಿರ ಮೊದಲ ಸಲ ನಿಜವಾಗಿ ಅವಳದಾಗುತ್ತದೆ. ಅರ್ಧ ಕೊಡು ಎಂದರೆ ಅರ್ಧ ಅವನದು. ಎಲ್ಲ ಬೇಕು ಎಂದರೆ ಎಲ್ಲವೂ ಅವನದೇ. ಹಾಗೆ ಕೇಳಿದ ಎಂದು ಊರು ಅವನನ್ನು ಆಡಿಕೊಳ್ಳುವಂತಿಲ್ಲ.